ಕಟ್ಟಲು ದುಡ್ಡು ಬರುತ್ತದೆ, ಕಾಯಲು ಯಾರು ಬರುತ್ತಾರೆ?

ಮಳೆಗಾಲ ಮುಗಿದ ಮೇಲೆ ನನಗೆ ಬರುವ ಪತ್ರಗಳ ಧಾಟಿಯೇ ಬೇರೆ. ಜೂನ್, ಜುಲೈಯಲ್ಲಿ ಕೊಳೆ ರೋಗ, ಗುಡ್ಡ ಕುಸಿತ, ಕರೆಂಟು. ಅಕ್ಟೋಬರ್ ಬಂತೋ, ಎಲ್ಲರಿಗೂ ಒಮ್ಮೆಲೇ ನೆನಪಾಗುತ್ತದೆ: ನಮ್ಮೂರಿಗೆ ಬಂದ ಸರ್ಕಾರದ ದುಡ್ಡು ಏನಾಯ್ತು? ಈ ಸಲ ಎಂಟು ಪ್ರಶ್ನೆ ಆರಿಸಿದ್ದೇನೆ. ಕೆಲವಕ್ಕೆ ಉದ್ದ ಉತ್ತರ, ಕೆಲವಕ್ಕೆ ನಾಲ್ಕೇ ಸಾಲು, ಬೇಜಾರು ಮಾಡಿಕೊಳ್ಳಬೇಡಿ. ಹೊಸ ಓದುಗರಿಗೆ ಒಂದು ಮಾತು. ನಾನು ದೊಡ್ಡ ಅಧಿಕಾರಿ ಏನಲ್ಲ. ಪಂಚಾಯ್ತಿ ಕಚೇರಿಗಳಲ್ಲಿ ಲೆಕ್ಕ ಬರೆದು ಬರೆದು ನಿವೃತ್ತನಾಗಿ, ಈಗ ಕುಮಟಾದ ಮನೆಯ ಜಗುಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಪ್ರಶ್ನೆ: ನಮ್ಮದು ಅಳಿವೆ ಹತ್ತಿರದ ಊರು. ಮನೆ ಮುಂದೆ ನಳ ಹಾಕಿ ಎರಡು ವರ್ಷ ಆಯಿತು. ಮೊದಲ ಮೂರು ತಿಂಗಳು ನೀರು ಚೆನ್ನಾಗಿ ಬಂತು. ಈಗ ವಾರಕ್ಕೊಮ್ಮೆ ಬಂದರೆ ಪುಣ್ಯ. ಏಪ್ರಿಲ್‌ನಲ್ಲಿ ಬಂದದ್ದೂ ಉಪ್ಪು. ಇದರ ಮೇಲೆ ಊರಿನ ವಂತಿಗೆ ಅಂತ ದುಡ್ಡು ಕೇಳುತ್ತಿದ್ದಾರೆ. ಕೊಡಬೇಕಾ?
– ಓದುಗರೊಬ್ಬರು, ಕುಮಟಾ ತಾಲ್ಲೂಕು

ಮೊದಲು ಲೆಕ್ಕ, ಆಮೇಲೆ ಜಗಳ. ಇದು ಜಲ ಜೀವನ ಮಿಷನ್ ಕೆಲಸ. 2019ರ ಆಗಸ್ಟ್ 15ರಂದು ಘೋಷಣೆಯಾದದ್ದು. ನಮ್ಮ ರಾಜ್ಯದಲ್ಲಿ ಮನೆ ಮನೆಗೆ ಗಂಗೆ ಅಂತ ಹೆಸರು. ಕೇಂದ್ರದ್ದು ಅರ್ಧ ದುಡ್ಡು, ರಾಜ್ಯದ್ದು ಅರ್ಧ. 2024ಕ್ಕೆ ಮುಗಿಯಬೇಕಿತ್ತು, ಈಗ 2028ರ ತನಕ ಮುಂದುವರಿಸಿದ್ದಾರೆ. ನಿಯಮದ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್. ಮನೆಯಲ್ಲಿ ಐದು ಜನ ಇದ್ದರೆ 275 ಲೀಟರ್, ಹದಿನೈದು ಲೀಟರಿನ ಕೊಡದಲ್ಲಿ ಹದಿನೆಂಟು ಕೊಡ ಅಂತಿಟ್ಟುಕೊಳ್ಳಿ. ಅದೂ ಕುಡಿಯಲು ಆಗುವಂಥ ನೀರು, ತಪ್ಪದೆ ಬರುವ ನೀರು. ನಳ ನೆಟ್ಟು, ಅದರ ಪಕ್ಕ ನಿಮ್ಮನ್ನು ನಿಲ್ಲಿಸಿ ಫೋಟೋ ಹೊಡೆದುಕೊಂಡು ಹೋದರೆ ಮುಗಿಯಲಿಲ್ಲ. ಉಪ್ಪುನೀರಿನ ನಳವನ್ನು ಚಾಲ್ತಿಯಲ್ಲಿರುವ ನಳ ಅಂತ ಬರೆದಿಟ್ಟಿದ್ದರೆ ಅದು ತಪ್ಪು ಲೆಕ್ಕ.

ವಂತಿಗೆ ಕೇಳುವುದು ಮೋಸ ಅಲ್ಲ, ನಿಯಮದಲ್ಲೇ ಇದೆ. ಆದರೆ ಎಷ್ಟಕ್ಕೆ ಅನ್ನೋದು ನೋಡಬೇಕು. ಊರೊಳಗಿನ ಕೆಲಸದ ವೆಚ್ಚದಲ್ಲಿ ಶೇ 10, ಗುಡ್ಡಗಾಡು, ಕಾಡಿನ ಊರುಗಳಲ್ಲಿ ಮತ್ತು ಪರಿಶಿಷ್ಟರು ಅರ್ಧಕ್ಕಿಂತ ಜಾಸ್ತಿ ಇರುವ ಊರುಗಳಲ್ಲಿ ಶೇ 5. ಹೊಳೆಯಿಂದ ಊರ ತನಕ ಎಳೆದ ದೊಡ್ಡ ಪೈಪಿನ ಖರ್ಚು ನಿಮ್ಮ ತಲೆಗೆ ಬರಬಾರದು. ದುಡ್ಡೇ ಆಗಬೇಕು ಅಂತಲೂ ಇಲ್ಲ. ಸಾಮಾನು ಕೊಡಬಹುದು, ಮೈಮುರಿದು ದುಡಿದೂ ತೀರಿಸಬಹುದು. ಹಾಗಾಗಿ ಅಂದಾಜುಪಟ್ಟಿ ತೋರಿಸಿ ಅನ್ನಿ, ರಸೀದಿ ಕೊಡಿ ಅನ್ನಿ. ಎರಡೂ ಸಿಕ್ಕರೆ ಕೊಡಿ.

ಇನ್ನೊಂದು ಕೇಳಿ. ಪ್ರತಿ ಊರಿಗೆ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು, ಅದರಲ್ಲಿ ಅರ್ಧ ಹೆಂಗಸರು. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ? ಒಂದೂರಿನಲ್ಲಿ ನಾನು ಪಟ್ಟಿ ಓದಿ ಹೇಳಿದಾಗ, ಎದುರಿಗೆ ಕೂತಿದ್ದ ಅಕ್ಕ ಒಬ್ಬರು "ಅದು ನನ್ನ ಹೆಸರಾ?" ಅಂದರು. ಪಾಪ, ಎರಡು ವರ್ಷದಿಂದ ಸದಸ್ಯೆ ಆಗಿದ್ದರು, ಅವರಿಗೇ ಗೊತ್ತಿರಲಿಲ್ಲ. ಊರಿಗೆ ಐದು ಹೆಂಗಸರಿಗೆ ನೀರು ಪರೀಕ್ಷೆ ಮಾಡುವ ತರಬೇತಿ ಕೊಡಬೇಕು, ಅದಕ್ಕೊಂದು ಪರೀಕ್ಷಾ ಕಿಟ್ ಕೂಡ ಬರುತ್ತದೆ. ಆ ಕಿಟ್ ಪಂಚಾಯ್ತಿ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದರೆ ತೆಗೆಸಿ. ಏಪ್ರಿಲ್, ಮೇ ಎರಡೂ ತಿಂಗಳು ಕ್ಲೋರೈಡ್ ನೋಡಿ ಪುಸ್ತಕದಲ್ಲಿ ಬರೆಸಿ. ಲೀಟರಿಗೆ 250 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದ ಕಡೆ 1,000ದ ತನಕ ನಡೆಸಿಕೊಳ್ಳುತ್ತಾರೆ, ಅದರ ಮೇಲೆ ಹೋದರೆ ಬಾಯಿಗೇ ಗೊತ್ತಾಗುತ್ತದೆ ಬಿಡಿ.

ಉಪ್ಪು ಯಾಕೆ ಅಂದರೆ, ಬೇಸಿಗೆಯಲ್ಲಿ ಹೊಳೆಯ ಸಿಹಿನೀರು ಇಳಿಯುತ್ತದೆ, ಭರತದ ನೀರು ಮೇಲೆ ಮೇಲೆ ಬರುತ್ತದೆ, ನಾವು ದಂಡೆಯ ಬಾವಿಯಿಂದ ಪಂಪು ಹಾಕಿ ಎಳೆದಷ್ಟೂ ಉಪ್ಪು ಒಳಗೆ ಬರುತ್ತದೆ. ಪೈಪು, ಟ್ಯಾಂಕಿಗೆ ದುಡ್ಡು ಬೇಗ ಬರುತ್ತದೆ, ಅಳತೆ ಹಿಡಿದು ಬಿಲ್ ಮಾಡಬಹುದಲ್ಲ. ನೀರಿನ ಮೂಲ ಎಲ್ಲಿ ಅನ್ನುವ ಪ್ರಶ್ನೆಗೆ ಬಿಲ್ ಇಲ್ಲ. ತಿಂಗಳ ನೀರಿನ ಕರ ಮಾತ್ರ ತಪ್ಪಿಸಬೇಡಿ. ನೀರು ಬಿಡುವವನ ಸಂಬಳ, ಪಂಪಿನ ಕರೆಂಟು, ಒಡೆದ ವಾಲ್ವು, ಇವೆಲ್ಲ ಅದರಲ್ಲೇ ನಡೆಯಬೇಕು.

ಪ್ರಶ್ನೆ: ನಾನು ಬುಟ್ಟಿ ಹೊತ್ತು ಮೀನು ಮಾರುವವಳು. ಐಸ್ ಪೆಟ್ಟಿಗೆ ಇರುವ ಗಾಡಿಗೆ ಸಹಾಯಧನ ಸಿಗುತ್ತದೆ ಅಂದರು, ಹೌದಾ? ಗಂಡ ಬೋಟಿಗೆ ಹೋಗುತ್ತಾರೆ. ಬಂದ್ ಇರುವ ಎರಡು ತಿಂಗಳು ಏನಾದರೂ ಬರುತ್ತದಾ?
– ಮೀನು ಮಾರುವ ಅಕ್ಕ, ಅಂಕೋಲಾ

ಹೌದು, ಸಿಗುತ್ತದೆ. ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆ, 2020ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು, ಇಡೀ ದೇಶಕ್ಕೆ 20,050 ಕೋಟಿ ರೂಪಾಯಿ ಅಂದಾಜು. ಐಸ್ ಪೆಟ್ಟಿಗೆಯ ಬೈಕಿಗೆ 75,000 ರೂಪಾಯಿ, ಐಸ್ ಪೆಟ್ಟಿಗೆಯ ರಿಕ್ಷಾಕ್ಕೆ 3 ಲಕ್ಷ ಅಂತ ಘಟಕ ವೆಚ್ಚ ಹಿಡಿದಿದ್ದಾರೆ. ಇಲ್ಲಿ ಒಂದು ಮುಖ್ಯ ವಿಷಯ ಇದೆ. ಸಾಮಾನ್ಯ ವರ್ಗದ ಗಂಡಸರಿಗೆ ಶೇ 40, ಹೆಂಗಸರಿಗೆ ಮತ್ತು ಪರಿಶಿಷ್ಟರಿಗೆ ಶೇ 60. ಅಂದರೆ ರಿಕ್ಷಾಕ್ಕೆ ಗಂಡನ ಹೆಸರಿನಲ್ಲಿ ಅರ್ಜಿ ಹಾಕಿದರೆ 1.20 ಲಕ್ಷ, ನಿಮ್ಮ ಹೆಸರಿನಲ್ಲಿ ಹಾಕಿದರೆ 1.80 ಲಕ್ಷ. ಅರ್ಜಿ ನಿಮ್ಮ ಹೆಸರಿನಲ್ಲೇ ಇರಲಿ. ಗಾಡಿಯೂ ನಿಮ್ಮ ಹೆಸರಿನಲ್ಲೇ ಇರಲಿ, ಸಹಿ ಮಾತ್ರ ನಿಮ್ಮದು ಗಾಡಿ ಭಾವನದು ಅನ್ನುವ ಹಾಗೆ ಆಗೋದು ಬೇಡ.

ತೊಂದರೆ ಎಲ್ಲಿ ಅಂದರೆ, ಸಹಾಯಧನ ಸಾಮಾನ್ಯವಾಗಿ ಹಿಂದಿನಿಂದ ಬರುತ್ತದೆ. ಮೊದಲು ನಿಮ್ಮ ಕೈಯಿಂದಲೋ ಬ್ಯಾಂಕಿನಿಂದಲೋ ಹಾಕಬೇಕು. ಕೈಸಾಲಕ್ಕೆ ಹೋಗಬೇಡಿ. ಮೀನುಗಾರ ಮಹಿಳೆಯರಿಗೆ ಬಡ್ಡಿ ಇಲ್ಲದ ಸಾಲವನ್ನು ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 50,000ದಿಂದ 3 ಲಕ್ಷಕ್ಕೆ ಏರಿಸಿತು. ಅದನ್ನು ಮೊದಲು ಕೇಳಿ. ಮೀನುಗಾರರ ಸಹಕಾರ ಸಂಘದಲ್ಲಿ ನಿಮ್ಮದೇ ಸದಸ್ಯತ್ವ ಇದ್ದರೆ ಅರ್ಧ ಕೆಲಸ ಆದ ಹಾಗೆ. ಈ ವರ್ಷಕ್ಕೆ ಗುರಿ ಎಷ್ಟು, ಅರ್ಜಿ ಕೊನೆ ದಿನ ಯಾವುದು ಅಂತ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿಕೊಂಡು ಹೋಗಿ.

ಬಂದ್ ಇರುವುದು ಜೂನ್ 1ರಿಂದ ಜುಲೈ 31ರ ತನಕ, 61 ದಿನ. ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಹತ್ತು ಅಶ್ವಶಕ್ತಿ ತನಕದ ಎಂಜಿನ್ನಿನ ದೋಣಿಗೆ ಅಡ್ಡಿ ಇಲ್ಲ. ಇದಕ್ಕೆ ಉಳಿತಾಯ ಪರಿಹಾರ ಅಂತ ಒಂದು ಇದೆ. ಮೀನುಗಾರ 1,500 ಕಟ್ಟಿದರೆ ಸರ್ಕಾರ 3,000 ಸೇರಿಸಿ 4,500 ಕೊಡುತ್ತದೆ. ಬಡತನ ರೇಖೆಗಿಂತ ಕೆಳಗಿನವರಿಗೆ, 18ರಿಂದ 60 ವರ್ಷದವರಿಗೆ, ಸಂಘದ ಮೂಲಕ. ದೊಡ್ಡ ದುಡ್ಡಲ್ಲ, ಆದರೆ ಮಕ್ಕಳ ಶಾಲೆ ಶುರುವಾಗುವುದೂ ಆಗಲೇ ಅಲ್ವಾ. ಅಪಘಾತ ವಿಮೆಯೂ ಇದೆ, ಜೀವಕ್ಕೆ ಹಾನಿಯಾದರೆ 5 ಲಕ್ಷ, ಕಂತು ಸರ್ಕಾರವೇ ಕಟ್ಟುತ್ತದೆ. ನಿಮ್ಮಿಬ್ಬರ ಹೆಸರೂ ಪಟ್ಟಿಯಲ್ಲಿ ಇದೆಯಾ ಅಂತ ಒಮ್ಮೆ ನೋಡಿ. ಕಡಲಿಗೆ ಹೋಗುವವರು ಮಾತ್ರ ಮೀನುಗಾರರು, ದಂಡೆಯಲ್ಲಿ ನಿಂತು ಹರಾಜು ಹಿಡಿದು ಬಿಸಿಲಲ್ಲಿ ಮಾರುವವರು ಅವರ ಹೆಂಡಿರು ಅಷ್ಟೆ ಅನ್ನುವ ಅಭ್ಯಾಸ ಇನ್ನೂ ಹೋಗಿಲ್ಲ. ಹೊಸ ಮೀನುಪೇಟೆ ಕಟ್ಟಿಸುವವರೂ ಅಷ್ಟೆ. ಕಟ್ಟೆ ಎಷ್ಟು ಎತ್ತರ ಇರಬೇಕು, ನೀರು ಎಲ್ಲಿ ಹರಿಯಬೇಕು ಅಂತ ಮಾರುವವರನ್ನು ಕೇಳುವುದಿಲ್ಲ. ಆಮೇಲೆ ಹೆಂಗಸರು ಹೊರಗೆ ರಸ್ತೆಯಲ್ಲೇ ಕೂತರೆ ಅವರಿಗೇ ಬೈಯುತ್ತಾರೆ.

ಪ್ರಶ್ನೆ: ಅಘನಾಶಿನಿ ದಂಡೆಯಲ್ಲಿ ನಮ್ಮ ಗಜನಿ ಗದ್ದೆ ಇದೆ. ಒಡ್ಡು ಒಡೆದು ನಾಲ್ಕು ವರ್ಷ. ಕಗ್ಗ ಬಿತ್ತುವುದನ್ನೇ ಬಿಟ್ಟಿದ್ದೇವೆ. ಖಾರ್‌ಲ್ಯಾಂಡ್ ಯೋಜನೆಗೆ ಕೋಟಿ ಕೋಟಿ ಅಂತ ಪೇಪರಿನಲ್ಲಿ ಬರುತ್ತದೆ. ನಮ್ಮ ಒಡ್ಡಿಗೆ ಯಾವಾಗ?
– ಗಜನಿ ರೈತ, ಕುಮಟಾ ತಾಲ್ಲೂಕು

ಘಟ್ಟದ ಮೇಲಿನ ಓದುಗರಿಗೆ ಗಜನಿ ಅಂದರೆ ಏನು ಅಂತ ಮೊದಲು ಹೇಳುತ್ತೇನೆ, ಸ್ವಲ್ಪ ತಡೆದುಕೊಳ್ಳಿ. ಅಳಿವೆಯ ಒಳಗೆ ದಿನಕ್ಕೆ ಎರಡು ಸಲ ಭರತದ ನೀರು ಏರುವ ಜಾಗದಲ್ಲಿ ಒಡ್ಡು ಹಾಕಿ ಮಾಡಿದ ಗದ್ದೆ. ಮಾಣಿಕಟ್ಟಾ, ಹೆಗಡೆ, ಮಾಸೂರು, ಕೊಡಕಣಿ, ಐಗಳಕುರ್ವೆ ಕಡೆ ಹೋದರೆ ಕಾಣುತ್ತದೆ. ಇಲ್ಲಿ ಬೆಳೆಯುವುದು ಕಗ್ಗ ಭತ್ತ. ಉಪ್ಪು ತಡೆಯುತ್ತದೆ, ಕೆಲವು ದಿನ ನೀರಲ್ಲಿ ಮುಳುಗಿದರೂ ಸಾಯುವುದಿಲ್ಲ, ಗೊಬ್ಬರ ಕೇಳುವುದಿಲ್ಲ. ತೆನೆ ಮಾತ್ರ ಕೊಯ್ದು ಹುಲ್ಲನ್ನು ನೀರಲ್ಲೇ ಬಿಡುತ್ತಾರೆ. ಕೊಯ್ಲಾದ ಮೇಲೆ ಜಂತ್ರಡಿ ತೆಗೆದು ಹೊಳೆ ನೀರು ಒಳಗೆ ಬಿಟ್ಟರೆ ಆ ಹುಲ್ಲು ತಿಂದು ಮೀನು, ಸಿಗಡಿ ಬೆಳೆಯುತ್ತವೆ. ಒಂದೇ ಗದ್ದೆಯಲ್ಲಿ ಅನ್ನವೂ ಆಯಿತು, ಸಾರೂ ಆಯಿತು. ಜಂತ್ರಡಿ ಅಂದರೆ ಒಡ್ಡಿನ ಬಾಯಿಗೆ ಹಾಕುವ ಹಲಗೆಯ ಬಾಗಿಲು. ಅದನ್ನು ಯಾವಾಗ ಎತ್ತಬೇಕು, ಯಾವಾಗ ಬಿಡಬೇಕು ಅನ್ನುವುದಕ್ಕೆ ಹುಣ್ಣಿಮೆ, ಅಮಾವಾಸ್ಯೆ ಲೆಕ್ಕ ಗೊತ್ತಿರುವವನೇ ಬೇಕು.

ಹಿಂದೆ ಒಡ್ಡು ಮಣ್ಣಿನದು. ಊರವರೇ ಕಟ್ಟುತ್ತಿದ್ದರು, ಊರವರೇ ಕಾಯುತ್ತಿದ್ದರು. ಬೇಸಿಗೆಯಲ್ಲಿ ಮನೆಗೊಂದು ಆಳು ಬಂದು ಕೆಸರು ಮೆತ್ತಬೇಕು. ಬರದಿದ್ದರೆ ಊರವರ ಬಾಯಿಗೆ ಬೀಳಬೇಕು, ಅಷ್ಟೆ. 1970ರ ದಶಕದಲ್ಲಿ ಸರ್ಕಾರ ಖಾರ್‌ಲ್ಯಾಂಡ್ ಒಡ್ಡು ಅಂತ ಗಟ್ಟಿ ಒಡ್ಡು ಹಾಕಿತು. ಒಳ್ಳೆಯದೇ ಆಯಿತು, ಇಲ್ಲ ಅನ್ನಲಾರೆ. ಆದರೆ ಅಂದಿನಿಂದ ಒಡ್ಡು ಸರ್ಕಾರದ್ದಾಯಿತು. ಸಣ್ಣ ತೂತು ಬಿದ್ದಾಗ ಒಂದು ಬುಟ್ಟಿ ಕೆಸರು ಹಾಕಬೇಕಾದವರು ಅರ್ಜಿ ಬರೆಯತೊಡಗಿದರು. ಅರ್ಜಿ ಕಡತವಾಗಿ, ಕಡತ ಅಂದಾಜಾಗಿ, ಅಂದಾಜು ಟೆಂಡರ್ ಆಗುವಷ್ಟರಲ್ಲಿ ಎರಡು ಮಳೆಗಾಲ ಕಳೆದು ತೂತು ಹೋಗಿ ಕಂಡಿ ಆಗಿರುತ್ತದೆ. ಈ ನಡುವೆ ಸಿಗಡಿಗೆ ರೇಟು ಬಂತು. ಗಜನಿಯನ್ನು ಸಿಗಡಿಗೆ ಗೇಣಿ ಕೊಟ್ಟವರಿಗೆ ಉಪ್ಪುನೀರು ಒಳಗೇ ಇರಬೇಕು, ಭತ್ತ ಬೆಳೆಯುವವರಿಗೆ ಹೊರಗೇ ಇರಬೇಕು. ಒಂದೇ ಜಂತ್ರಡಿ, ಎರಡು ಆಸೆ. ಒಡ್ಡು ಒಡೆದದ್ದು ನೀರಿನಿಂದ ಮಾತ್ರ ಅಂತ ನನಗೆ ಅನಿಸುವುದಿಲ್ಲ.

ದುಡ್ಡು ಬಂದಿರುವುದು ನಿಜ. 2022-23ರ ರಾಜ್ಯ ಬಜೆಟ್‌ನಲ್ಲಿ ಕರಾವಳಿಯ ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ತಡೆಯಲು 1,500 ಕೋಟಿ ರೂಪಾಯಿಯ ಖಾರ್‌ಲ್ಯಾಂಡ್ ಯೋಜನೆ ಅಂತ ಹೇಳಿದರು. ಕೆಲಸ ಮಾಡಿಸುವುದು ಸಣ್ಣ ನೀರಾವರಿ ಇಲಾಖೆ. ನೀವು ಒಬ್ಬರೇ ಹೋಗಿ ಅರ್ಜಿ ಕೊಟ್ಟರೆ ಪ್ರಯೋಜನ ಇಲ್ಲ, ಒಡ್ಡು ನಿಮ್ಮ ಗದ್ದೆಯದ್ದಲ್ಲ, ಇಡೀ ಗಜನಿಯದ್ದು. ಮೊದಲು ಗಜನಿಯ ಎಲ್ಲ ಹಿಡುವಳಿದಾರರು ಕೂತು ಭತ್ತವೋ, ಸಿಗಡಿಯೋ, ಮಳೆಗಾಲಕ್ಕೆ ಒಂದು ಬೇಸಿಗೆಗೆ ಒಂದೋ ಅಂತ ತೀರ್ಮಾನ ಮಾಡಿ ಠರಾವು ಬರೆಯಿರಿ, ಜಗಳ ಆದರೆ ಅಲ್ಲೇ ಆಗಲಿ. ಅದನ್ನು ಗ್ರಾಮಸಭೆಯಲ್ಲಿ ಇಟ್ಟು ಇಲಾಖೆಗೆ ಕಳಿಸಿ. ಅಂದಾಜುಪಟ್ಟಿ ಬಂದಾಗ ಒಡ್ಡಿನ ಉದ್ದ ನೋಡಿ ಖುಷಿಪಡಬೇಡಿ. ಜಂತ್ರಡಿ ಎಷ್ಟು, ಹಲಗೆ ಯಾವುದರದ್ದು, ಕೆಲಸ ಮುಗಿದ ಮೇಲೆ ಎಷ್ಟು ವರ್ಷ ಗುತ್ತಿಗೆದಾರ ದುರಸ್ತಿ ಮಾಡಿಕೊಡಬೇಕು ಅನ್ನುವ ಸಾಲು ಹುಡುಕಿ. ಹೊಳೆ ಕಡೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಡಿಯಲು ಬಿಡಬೇಡಿ, ಅಲೆ ಹೊಡೆತವನ್ನು ಮೊದಲು ತಿನ್ನುವುದು ಅದೇ.

ಇನ್ನು ರಾಮ್ಸರ್ ಭಯ. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ಇನ್ನು ಕಲ್ಲೆತ್ತಿ ಇಡುವ ಹಾಗಿಲ್ಲ ಅಂತ ಕೆಲವರು ಹೇಳಿಕೊಂಡು ತಿರುಗುತ್ತಿದ್ದಾರೆ. ಮಣ್ಣು ತುಂಬಿ ಜೌಗನ್ನು ಸೈಟು ಮಾಡುವ ಹಾಗಿಲ್ಲ, ಅದು ಸರಿ. ಉಪ್ಪುನೀರು ತಡೆಯುವ ಒಡ್ಡಿಗೆ ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲೇ ಅವಕಾಶ ಇದೆ. ಅನುಮತಿ ಕಾಗದಕ್ಕೆ ಸಮಯ ಹಿಡಿಯುತ್ತದೆ, ಅಷ್ಟೆ. ನಾಲ್ಕು ವರ್ಷದಿಂದ ಬೀಜ ಹಾಕಿಲ್ಲ ಅಂದಿರಿ. ಒಡ್ಡು ಆಗುವ ತನಕ ಕಗ್ಗದ ಬೀಜ ಯಾರ ಮನೆಯ ಕಣಜದಲ್ಲಾದರೂ ಉಳಿದಿದೆಯಾ ಅಂತ ಈಗಲೇ ವಿಚಾರಿಸಿ. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಪ್ರಶ್ನೆ: ಎರಡು ಎಕರೆ ಅಡಿಕೆ ತೋಟಕ್ಕೆ ಹವಾಮಾನ ವಿಮೆ ಕಟ್ಟಿದ್ದೆ. ಕೊಳೆ ಬಂದು ಅರ್ಧ ಫಸಲು ಹೋಯಿತು. ಪಕ್ಕದ ಪಂಚಾಯ್ತಿಯವರಿಗೆ ಒಳ್ಳೆ ಪರಿಹಾರ ಬಂತು, ನಮಗೆ ಏನೂ ಇಲ್ಲ. ಯಾರನ್ನು ಕೇಳಬೇಕು?
– ತೋಟದ ಯಜಮಾನರು, ಸಿರ್ಸಿ

ಮಳೆಯನ್ನು ಕೇಳಬೇಕು. ತಮಾಷೆ ಅಲ್ಲ ಮಾರಾಯ್ರೆ, ಈ ವಿಮೆ ನಿಮ್ಮ ಅಡಿಕೆ ನೋಡುವುದೇ ಇಲ್ಲ. ಪಂಚಾಯ್ತಿಯ ಮಳೆಮಾಪಕದಲ್ಲಿ ಎಷ್ಟು ಮಿಲಿಮೀಟರ್ ಬಿತ್ತು, ಎಷ್ಟು ದಿನ ಬಿತ್ತು ಅನ್ನುವುದನ್ನು ಷರತ್ತಿನ ಪಟ್ಟಿಯ ಜೊತೆ ಹೋಲಿಸಿ ಪರಿಹಾರ ಲೆಕ್ಕ ಹಾಕುತ್ತಾರೆ. ಕೊಳೆ ಬಂದಿದೆಯಾ ಅಂತ ಯಾರೂ ತೋಟಕ್ಕೆ ಇಳಿಯುವುದಿಲ್ಲ. ಹೆಕ್ಟೇರಿಗೆ 1.28 ಲಕ್ಷದ ವಿಮೆ, ರೈತನ ಪಾಲು ಶೇ 5, ಅಂದರೆ 6,400. ಎರಡು ಎಕರೆಗೆ ಸುಮಾರು 5,200 ಕಟ್ಟಿರುತ್ತೀರಿ. ಕಂತಿನ ಉಳಿದದ್ದು ಕೇಂದ್ರ, ರಾಜ್ಯ ಸೇರಿ ಕೊಡುವುದು. ಹಾಗಾಗಿ ಸಂಘದಲ್ಲಿ ಕೂತು ವಿಮೆಯವರಿಗೆ ಬೈಯುವುದಕ್ಕಿಂತ ಮಳೆಮಾಪಕದ ಹತ್ತಿರ ಹೋಗಿ ಬನ್ನಿ. ಮೇಲೆ ಹಲಸಿನ ಟೊಂಗೆ ಬಾಗಿದೆಯಾ, ಒಳಗೆ ಇರುವೆ ಗೂಡು ಕಟ್ಟಿದೆಯಾ, ಬ್ಯಾಟರಿ ಜೀವಂತ ಇದೆಯಾ ನೋಡಿ. ನಿಮ್ಮ ಪಂಚಾಯ್ತಿಯ ದಿನದ ಮಳೆ ಅಂಕಿ ಮತ್ತು ಆ ವರ್ಷದ ಷರತ್ತಿನ ಪಟ್ಟಿ, ಎರಡನ್ನೂ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ ಪಡೆಯಿರಿ. ನಮ್ಮ ಕಡೆ ಹಳೇ ತಲೆಗಳು ಮನೆಯಲ್ಲೇ ಮಳೆ ಅಳೆದು ಡೈರಿಯಲ್ಲಿ ಬರೆದಿಡುತ್ತಾರಲ್ಲ, ಆ ಡೈರಿ ದಾಖಲೆ ಆಗುವುದಿಲ್ಲ. ಆದರೆ ಎರಡು ಅಂಕಿಗೂ ಅಜಗಜಾಂತರ ಇದ್ದರೆ ಲಿಖಿತ ದೂರು ಕೊಡಲು ಅದು ಸಾಕು. ಜುಲೈಯಲ್ಲೇ ಕೊಡಿ, ಅಡಿಕೆ ಸುಲಿಯುವ ಹೊತ್ತಿಗಲ್ಲ.

ಪ್ರಶ್ನೆ: ಕಾರವಾರದಿಂದ ಗೋವಾಕ್ಕೆ ಹೋಗುವ ಬಸ್ಸಿನಲ್ಲಿ ನಮಗೆ ಫ್ರೀ ಯಾಕಿಲ್ಲ? ಕೆಲಸಕ್ಕೆ ದಿನಾ ಹೋಗುವವರು ನಾವು.
– ಉದ್ಯೋಗಿ, ಸದಾಶಿವಗಡ

ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ರಾಜ್ಯದ ಒಳಗೆ ಓಡುವ ಸಾಮಾನ್ಯ ಮತ್ತು ವೇಗದೂತ ಬಸ್ಸಿಗೆ ಮಾತ್ರ. ಹೊರರಾಜ್ಯದ ಬಸ್ಸಿಗೆ ಇಲ್ಲ. ಮಾಜಾಳಿ ತನಕ ಲೋಕಲ್ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಬೇರೆ ಹಿಡಿದರೆ ಸ್ವಲ್ಪ ಉಳಿಯುತ್ತದೆ. ಬೆಳಗ್ಗೆ ಆ ಲೋಕಲ್ ಬಸ್ಸು ಸಮಯಕ್ಕೆ ಬಂದರೆ ಎಂಬ ಷರತ್ತಿನ ಮೇಲೆ.

ಪ್ರಶ್ನೆ: ಸೀಬರ್ಡ್‌ಗೆ ಅಜ್ಜನ ಮನೆ, ಗದ್ದೆ ಎಲ್ಲ ಹೋಯಿತು. ಈಗ ಪುನರ್ವಸತಿ ಕಾಲೊನಿಯಲ್ಲಿ ಇದ್ದೇವೆ. ಕಾರವಾರಕ್ಕೆ ಸಾವಿರಾರು ಕೋಟಿ ಹೂಡಿಕೆ ಬಂತು ಅನ್ನುತ್ತಾರೆ. ನಮಗೆ ಬಂದದ್ದು ಏನು?
– ಯುವಕ, ತೋಡೂರು

ಇದಕ್ಕೆ ಉತ್ತರ ಬರೆಯಲು ಕೂತು ಎರಡು ಸಲ ಎದ್ದು ಹೋದೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. 2005ರ ಮೇ ತಿಂಗಳಲ್ಲಿ ಐಎನ್‌ಎಸ್ ಕದಂಬ ಅನ್ನುವ ಹೆಸರಿನಲ್ಲಿ ಅದು ಶುರುವಾಯಿತು. ಈ ನಡುವೆ ಬಿಣಗಾ, ಅರ್ಗಾ ಕಡೆಯಿಂದ ಅಂಕೋಲಾ ಗಡಿಯ ತನಕ ನಾಲ್ಕು ಸಾವಿರಕ್ಕಿಂತ ಹೆಚ್ಚು ಕುಟುಂಬಗಳು ಎದ್ದವು. ಗದ್ದೆ ಇದ್ದವರಿಗೆ ಗುಂಟೆ ಲೆಕ್ಕ ಸಿಕ್ಕಿತು, ಅದಕ್ಕೂ ಕೋರ್ಟು ಮೆಟ್ಟಿಲು ಹತ್ತಬೇಕಾಯಿತು. ದೋಣಿ ಎಳೆಯುತ್ತಿದ್ದ ದಂಡೆಗೆ ಗುಂಟೆ ಲೆಕ್ಕ ಇಲ್ಲವಲ್ಲ. ಊರಿಗೆ ಹೂಡಿಕೆ ಬಂತು ಅನ್ನುವಾಗ ಊರೇ ಹಾಕಿದ ಬಂಡವಾಳವನ್ನು ಯಾರೂ ಬರೆದುಕೊಳ್ಳುವುದಿಲ್ಲ.

ನಿಮ್ಮ ಕೈಲಿ ಈಗ ಆಗುವುದು ಹೇಳುತ್ತೇನೆ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಯೋಜನಾ ನಿರಾಶ್ರಿತರಿಗೆ ಮೀಸಲಾತಿ ಇದೆ. ಅರ್ಜಿ ಕರೆದ ಮೇಲೆ ಪ್ರಮಾಣಪತ್ರಕ್ಕೆ ಓಡಿದರೆ ತಡವಾಗುತ್ತದೆ. ಅಜ್ಜನ ಹೆಸರಿನ ಭೂಸ್ವಾಧೀನದ ನೋಟಿಸು, ಪರಿಹಾರದ ಆದೇಶ, ವಂಶವೃಕ್ಷ, ಈ ಮೂರನ್ನು ಒಂದು ಫೈಲಿನಲ್ಲಿ ಜೋಡಿಸಿ ಈಗಲೇ ತೆಗೆಸಿ ಇಡಿ. ನೌಕಾನೆಲೆಯ ಗುತ್ತಿಗೆ ಕೆಲಸಕ್ಕೆ ಇದರ ಆಸರೆ ಇಲ್ಲ, ಅಲ್ಲಿ ಗುತ್ತಿಗೆದಾರನ ಮರ್ಜಿ ನಡೆಯುತ್ತದೆ. ಸ್ಥಳೀಯರಿಗೆ ಕೊಡಿ ಅಂತ ಕೇಳುವುದನ್ನು ಮಾತ್ರ ಬಿಡಬೇಡಿ.

ಪ್ರಶ್ನೆ: ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದ್ದರೂ ಅಪಘಾತ ಆದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಯಾಕೆ? ಕಾರ್ಡು ಅಲ್ಲೆಲ್ಲ ನಡೆಯುತ್ತದಾ?
– ಶಿಕ್ಷಕಿ, ಹೊನ್ನಾವರ

ಕಾಲೇಜು 2016ರಿಂದ ನಡೆಯುತ್ತಿದೆ. ಕಾಲೇಜು ಅಂದರೆ ಓದಿಸುವ ಜಾಗ. ತಲೆಗೆ ಪೆಟ್ಟು ಬಿದ್ದವನಿಗೆ, ಹೃದಯ ನಿಂತವನಿಗೆ ಮಧ್ಯರಾತ್ರಿ ಬೇಕಾಗುವುದು ತಜ್ಞರು ಮತ್ತು ಅವರ ಕೈಗೆ ಯಂತ್ರ. ಕಟ್ಟಡಕ್ಕೆ ಒಮ್ಮೆ ದುಡ್ಡು ಕೊಟ್ಟರೆ ಆಯಿತು, ತಜ್ಞರಿಗೆ ತಿಂಗಳು ತಿಂಗಳು ಕೊಡಬೇಕು, ಅವರು ಇಲ್ಲೇ ಉಳಿಯುವ ಹಾಗೂ ನೋಡಿಕೊಳ್ಳಬೇಕು. 2022ರಲ್ಲಿ ಇಡೀ ಜಿಲ್ಲೆ ಆಸ್ಪತ್ರೆ ಬೇಕು ಅಂತ ಕೂಗಿತು, ನಿಮಗೂ ನೆನಪಿರಬಹುದು. ಆ ಕೂಗಿನಲ್ಲಿ ಕಟ್ಟಡದ ಮಾತು ಜಾಸ್ತಿ ಇತ್ತು, ಹುದ್ದೆಗಳ ಮಾತು ಕಡಿಮೆ ಇತ್ತು ಅಂತ ನನಗೆ ಆಗಲೂ ಅನಿಸಿತ್ತು.

ಕಾರ್ಡು ನಡೆಯುತ್ತದೆ, ಯೋಜನೆಯಲ್ಲಿ ನೋಂದಾಯಿಸಿಕೊಂಡ ಆಸ್ಪತ್ರೆ ಆಗಿದ್ದರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ನವರಿಗೆ ಚಿಕಿತ್ಸೆಯ ನಿಗದಿತ ದರದಲ್ಲಿ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದ ತನಕ. ತುರ್ತು ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ತುರ್ತಾದರೆ ಬೇಡ, ನೇರ ಹೋಗಬಹುದು. ಆಂಬುಲೆನ್ಸ್ ಹತ್ತುವ ಮೊದಲು ಕಾರ್ಡಿನ ಫೋಟೋ ಎರಡು ಮೂರು ಜನರ ಫೋನಿನಲ್ಲಿ ಇರಲಿ. ನಮ್ಮ ಮನೆಯಲ್ಲಿ ಒಮ್ಮೆ ಕಾರ್ಡು ಕಪಾಟಿನಲ್ಲಿ, ರೋಗಿ ನೂರೈವತ್ತು ಕಿಲೋಮೀಟರ್ ದೂರದಲ್ಲಿ, ಬೀಗದ ಕೈ ರೋಗಿಯ ಸೊಂಟದಲ್ಲಿ. ಆ ಕಥೆ ಬೇಡ.

ಪ್ರಶ್ನೆ: ನಮ್ಮ ಪಂಚಾಯ್ತಿಗೆ ಎಷ್ಟು ದುಡ್ಡು ಬಂತು, ಎಲ್ಲಿ ಹೋಯಿತು ಅಂತ ತಿಳಿಯುವುದು ಹೇಗೆ? ಕೇಳಿದರೆ ಮುಖ ಗಂಟಿಕ್ಕುತ್ತಾರೆ. ನೀವೂ ಸರ್ಕಾರಿ ನೌಕರರೇ ಆಗಿದ್ದವರು, ನಿಜ ಹೇಳಿ.
– ಓದುಗರು, ಸಿದ್ದಾಪುರ

ಕಡೆಯ ಮಾತಿನ ಚುಚ್ಚು ತಟ್ಟಿತು. ಹೇಳುತ್ತೇನೆ.

ಸುಲಭದ್ದು ಮೊದಲು. ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಪಂಚಾಯ್ತಿಯ ಹೆಸರು ಹಾಕಿ ವರ್ಷ ಒತ್ತಿದರೆ ಹಣಕಾಸು ಆಯೋಗದ ದುಡ್ಡಿನ ಜಮಾ, ಖರ್ಚು ಬರುತ್ತದೆ. ಊರಿನ ಕಾಲೇಜು ಹುಡುಗಿಯರಿಗೆ ಹೇಳಿ, ಹತ್ತು ನಿಮಿಷದಲ್ಲಿ ತೆಗೆದುಕೊಡುತ್ತಾರೆ. 2021ರಿಂದ 2026ರ ತನಕದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಹೋಗಬೇಕು ಅಂತ ಕಟ್ಟು. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ದುಡ್ಡಿಲ್ಲ ಅನ್ನುವ ಕಡೆ ಆ ಶೇ 60 ಎಲ್ಲಿ ಹರಿಯಿತು ಅಂತ ನೋಡುವುದು ಮಜಾ ಇರುತ್ತದೆ.

ಎರಡನೆಯದು ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಓದಬೇಕು, ಕಾಮಗಾರಿಗಳನ್ನು ಹೋಗಿ ನೋಡಬೇಕು. ಈ ಸಲದ್ದು ನಿಮ್ಮೂರಲ್ಲಿ ಆಗಿ ಹೋಗಿರುತ್ತದೆ. ಎಷ್ಟು ಜನ ಹೋಗಿದ್ದಿರಿ? ನಾನಿದ್ದಾಗ ಜಮಾಬಂದಿಗೆ ಬರುತ್ತಿದ್ದವರು ನಾವು ನಾಲ್ಕು ಜನ ನೌಕರರು, ಮೂವರು ಸದಸ್ಯರು, ಮತ್ತೆ ಅವಲಕ್ಕಿ ತರುವ ಹುಡುಗ. ಓದಿದ್ದು ಗೋಡೆಗೆ. ಇಲ್ಲೂ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. 30 ದಿನದಲ್ಲಿ ಉತ್ತರ ಬರಬೇಕು. 'ಎಲ್ಲ ಕಾಮಗಾರಿಯ ವಿವರ ಕೊಡಿ' ಅಂತ ಕೇಳಬೇಡಿ, ಸುಮ್ನೆ ತಿರಸ್ಕರಿಸಲು ನೆಪ ಆಗುತ್ತದೆ. 'ಇಂಥ ಕೇರಿಯ ಇಂಥ ಚರಂಡಿಯ ಅಳತೆ ಪುಸ್ತಕದ ಪ್ರತಿ ಕೊಡಿ' ಅಂತ ಬರೆಯಿರಿ. ಅಳತೆ ಪುಸ್ತಕ ಅಂದರೆ ಆದ ಕೆಲಸವನ್ನು ಅಳೆದು ಬಿಲ್ಲಿಗಾಗಿ ಬರೆದಿಡುವ ಪುಸ್ತಕ. ಆ ಪದ ನೋಡಿದ ಕೂಡಲೇ ಅರ್ಜಿಯನ್ನು ಬೇರೆ ಥರ ಓದುತ್ತಾರೆ, ನಾನು ನೋಡಿದ್ದೇನೆ.

ಇನ್ನು ನಿಜ ಹೇಳಿ ಅಂದಿರಲ್ಲ. ನಮ್ಮ ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಮೋರಿ ಇದೆ. ಪಕ್ಕದಲ್ಲಿ ಕಾಮಗಾರಿ ಫಲಕ. ನಿವೃತ್ತನಾದ ಮೇಲೂ ದಿನಾ ಅದರ ಎದುರು ಹೋಗುತ್ತಿದ್ದೆ. ಹೋದ ವರ್ಷ ಮಳೆಯಲ್ಲಿ ಚಪ್ಪಲಿ ಜಾರಿ ಅದನ್ನೇ ಹಿಡಿದು ನಿಂತಾಗ ಮೊದಲ ಸಲ ಓದಿದೆ. ಅದರಲ್ಲಿ ಬರೆದದ್ದು ಎರಡು ಪೈಪಿನ ಮೋರಿ. ಬಗ್ಗಿ ನೋಡಿದರೆ ಒಂದೇ ಪೈಪು. ಫಲಕದ ಮೇಲಿನ ವರ್ಷ ನೋಡಿದೆ. ಆ ವರ್ಷದ ಲೆಕ್ಕ ಬರೆದವನು ನಾನೇ.

ಅಳತೆ ಪುಸ್ತಕ ಕೇಳಿ ಅರ್ಜಿ ಹಾಕಿದ್ದೇನೆ. ಇನ್ನೂ ಹನ್ನೊಂದು ದಿನ ಬಾಕಿ ಇದೆ.